ಬರೆದುಕೊಟ್ಟವಳು: ನ್ಯಾಯಮೂರ್ತಿ ಗಜೇಂದ್ರಗಡಕರರ ಓದಿನ ಸುತ್ತ

ಹಳಗನ್ನಡ ಮತ್ತು ನಡುಗನ್ನಡ ಕೃತಿಗಳಲ್ಲಿ ಬರುವ ನ್ಯಾಯನಿರ್ಣಯದ ಸನ್ನಿವೇಶಗಳನ್ನು ಕುರಿತು ನಾನು ಸಂಶೋಧನೆ ಕೈಗೊಂಡು ನಾಲ್ಕು ವರ್ಷಗಳಾದವು. ಈ ಅವಧಿಯಲ್ಲಿ ಓದಿದ ಹಲವು ಪುಸ್ತಕಗಳು ಪ್ರಬಂಧದ ಆಕರಸೂಚಿಯನ್ನು ಸೇರಿವೆ. ಆ ಸೂಚಿಯಲ್ಲಿ ಎಲ್ಲಿ ಸೇರಿಸಬೇಕೆಂದು ತಿಳಿಯದೆ ಮೇಜಿನ ಮೇಲೆಯೇ ಉಳಿದಿರುವ ಪುಸ್ತಕವೊಂದಿದೆ. ಪ್ರಸ್ತುತ ಬರಹ ಅದರ ಓದಿಗೆ ಸಂಬಂಧಿಸಿದ್ದು. ಇದನ್ನು ಪುಸ್ತಕ ವಿಮರ್ಶೆ ಎನ್ನಲಾಗದು. ಸಂಶೋಧನ ಲೇಖನವೂ ಅಲ್ಲ. ದುರ್ಗಸಿಂಹನ ಮೇಲಿನ ಅಧ್ಯಾಯದ ಕರಡನ್ನು ನೋಡಿದ ನನ್ನ ಮಾರ್ಗದರ್ಶಕರು, ‘ನ್ಯಾಯದ ಬಗ್ಗೆ ಇಷ್ಟು ಬರೆದಿದ್ದೀಯಲ್ಲ, ಒಬ್ಬ ನ್ಯಾಯಾಧೀಶರಾದರೂ ಹೇಗೆ ಯೋಚಿಸುತ್ತಾರೆಂದು ಓದಿ ನೋಡಿದ್ದೀಯಾ?’ ಎಂದು ಕೇಳಿದ್ದೇ ಇದಕ್ಕೆಲ್ಲ ಮೂಲ. ಓದಿರಲಿಲ್ಲ. ಕನ್ನಡ ಎಂ.ಎ. ಮಾಡಿದ ನನ್ನಂಥವರಿಗೆ ನ್ಯಾಯವೆಂದರೆ ಹರಿಶ್ಚಂದ್ರಕಾವ್ಯ, ಬಹಳವೆಂದರೆ ವಚನಗಳ ನ್ಯಾಯನಿಷ್ಠುರತೆ. ಕೋರ್ಟು ಎಂದರೆ ಊರವರು ತಾರೀಖಿಗೆಂದು ಬಸ್ಸು ಹತ್ತುವ ಸಿಂದಗಿ.

ಗ್ರಂಥಾಲಯದ ದಾನದ ಕಪಾಟಿನಲ್ಲಿ ಸಿಕ್ಕ ಪುಸ್ತಕ ಅದು. ಅದನ್ನು ಪುಸ್ತಕ ಎನ್ನುವುದೂ ಪೂರ್ತಿ ಸರಿಯಲ್ಲ. ಹಳೆಯ ವಕೀಲರೊಬ್ಬರು ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡಕರರ ಬಿಡಿ ಉಪನ್ಯಾಸಗಳನ್ನೂ ಭಾಷಣಗಳ ಕಿರುಹೊತ್ತಿಗೆಗಳನ್ನೂ ಕಾನೂನು ವರದಿಗಳಿಂದ ಬಿಡಿಸಿದ ತೀರ್ಪಿನ ಹಾಳೆಗಳನ್ನೂ ಒಂದಾಗಿಸಿ ಕೆಂಪು ಕ್ಯಾಲಿಕೋ ಬಟ್ಟೆಯಲ್ಲಿ ಬೈಂಡು ಮಾಡಿಸಿದ್ದರು. ಅವರು ತೀರಿಕೊಂಡ ಮೇಲೆ ಮನೆಯವರು ಕಪಾಟು ಖಾಲಿ ಮಾಡಿದ್ದಾರೆ. ಅಂಚುಗಳಲ್ಲಿ ಪೆನ್ಸಿಲ್ಲಿನಿಂದ ಬರೆದ ಟಿಪ್ಪಣಿಗಳಿವೆ. ಪುಸ್ತಕದ ಭಾಷೆ ಇಂಗ್ಲಿಷ್, ಟಿಪ್ಪಣಿಗಳೆಲ್ಲ ಕನ್ನಡ. ಚೆದುರಿದ್ದನ್ನು ಒಟ್ಟುಗೂಡಿಸುವುದೇ ಅರ್ಧ ಸಂಶೋಧನೆ ಎಂಬುದನ್ನು ‘ಮಾರ್ಗ’ ಸಂಪುಟಗಳನ್ನು ಓದಿ ಬೆಳೆದ ನಮ್ಮ ತಲೆಮಾರಿಗೆ ಹೇಳಬೇಕಿಲ್ಲ. ಆದರೆ ವಕೀಲಿ ವೃತ್ತಿಯವರೊಬ್ಬರು ತಮ್ಮೊಬ್ಬರ ಓದಿಗಾಗಿ ಇದನ್ನು ಮಾಡಿಕೊಂಡದ್ದು ನನಗೆ ಆಶ್ಚರ್ಯ ತಂದಿತು.

ಗಜೇಂದ್ರಗಡಕರರು ನಮಗೆ ತೀರ ಹೊರಗಿನವರಲ್ಲ. ಅವರ ಮನೆತನದ ಹೆಸರು ಇಂದಿನ ಗದಗ ಜಿಲ್ಲೆಯ ಗಜೇಂದ್ರಗಡದ್ದು. 1901ರಲ್ಲಿ ಸಾತಾರೆಯಲ್ಲಿ, ಸಂಸ್ಕೃತ ವಿದ್ವಾಂಸರ ಮನೆಯಲ್ಲಿ ಹುಟ್ಟಿದರು. 1918ರಿಂದ ಎರಡು ವರ್ಷ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದರು. ಆ ಕಾಲೇಜಿಗೆ ಆಗಿನ್ನೂ ಒಂದು ವರ್ಷದ ವಯಸ್ಸು. ಮುಂದೆ ಪುಣೆಯ ಡೆಕ್ಕನ್ ಕಾಲೇಜು, ಕಾನೂನು ಪದವಿ, ಮುಂಬಯಿ ವಕೀಲಿ. ದತ್ತಕ ಸ್ವೀಕಾರವನ್ನು ಕುರಿತ ಧರ್ಮಶಾಸ್ತ್ರ ಗ್ರಂಥ ‘ದತ್ತಕಮೀಮಾಂಸಾ’ವನ್ನು ಸಂಪಾದಿಸಿದರು, ಅಂದರೆ ಗ್ರಂಥಸಂಪಾದನೆಯ ಕಷ್ಟವನ್ನು ಬಲ್ಲವರು. 1945ರಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾದರು. 1956ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1964ರ ಫೆಬ್ರವರಿಯಿಂದ 1966ರ ಮಾರ್ಚ್‌ವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದರು. ಆಮೇಲೆ ಮುಂಬಯಿ ವಿಶ್ವವಿದ್ಯಾಲಯದ ಕುಲಪತಿ, ಕಾನೂನು ಆಯೋಗದ ಅಧ್ಯಕ್ಷ. 1981ರಲ್ಲಿ ತೀರಿಕೊಂಡರು. ಇಲ್ಲಿ ನಮಗೆ ಮುಖ್ಯವಾದ ಸಂಗತಿ ಬೇರೆ. 1956ರ ನವೆಂಬರ್ 1ರವರೆಗೆ ಬಿಜಾಪುರ ಜಿಲ್ಲೆ ಮುಂಬಯಿ ಹೈಕೋರ್ಟಿನ ವ್ಯಾಪ್ತಿಯಲ್ಲಿತ್ತು. ನಮ್ಮ ಯಂಕಂಚಿಯ ಬದುವಿನ ಜಗಳವೊಂದು ಅಪೀಲಿನಿಂದ ಅಪೀಲಿಗೆ ಏರಿದ್ದರೆ ಇವರ ಮುಂದೆಯೇ ಹೋಗಿ ನಿಲ್ಲಬಹುದಿತ್ತು. ನಮ್ಮಜ್ಜನ ಕಾಲದ ‘ಹೈಕೋರ್ಟ ಸಾಹೇಬ’ರಲ್ಲಿ ಇವರೂ ಒಬ್ಬರು.

ಮೊದಲ ಓದಿಗೆ ಅವರ ಗದ್ಯ ನನ್ನನ್ನು ಸೋಲಿಸಿತು. ವಾಕ್ಯಗಳು ದೀರ್ಘ. ಒಂದು ಮಾತನ್ನು ಹೇಳುವ ಮೊದಲು ಅದಕ್ಕೆ ಎದುರಾದ ಮಾತನ್ನು ಎಷ್ಟು ಒಪ್ಪವಾಗಿ ಹೇಳುತ್ತಾರೆಂದರೆ, ಎರಡು ಪುಟ ಓದಿ ಇವರ ಅಭಿಪ್ರಾಯ ಇದೇ ಎಂದು ನಾನು ಗುರುತು ಹಾಕಿಕೊಂಡದ್ದು ಮೂರನೆಯ ಪುಟದಲ್ಲಿ ತಲೆಕೆಳಗಾಗುತ್ತಿತ್ತು. ಎರಡು ಸಲ ಹೀಗೆ ಮೋಸಹೋದ ಮೇಲೆ ಇದರ ಜಾಡು ಹೊಳೆಯಿತು. ಇದು ಇಂಗ್ಲಿಷ್ ವೇಷದ ಶಾಸ್ತ್ರಗದ್ಯ. ಪೂರ್ವಪಕ್ಷವನ್ನು ಎದುರಾಳಿಗಿಂತ ಚೆನ್ನಾಗಿ ಮಂಡಿಸಿ ಆಮೇಲೆ ಸಿದ್ಧಾಂತಕ್ಕೆ ಬರುವ ಕ್ರಮ. ಪಂಡಿತರ ಮನೆಯಲ್ಲಿ ಬೆಳೆದು ದತ್ತಕಮೀಮಾಂಸಾವನ್ನು ಸಂಪಾದಿಸಿದವರ ಇಂಗ್ಲಿಷಿನಲ್ಲಿ ಅದು ಸಹಜವಾಗಿ ಇಳಿದಿದೆ ಎಂಬುದು ನನ್ನ ಊಹೆ. ಇದನ್ನು ಕಂಡುಕೊಂಡ ಮೇಲೆ ನನ್ನದೇ ಕರಡು ಅಧ್ಯಾಯಗಳನ್ನು ತೆಗೆದು ನೋಡಿದೆ. ಪೂರ್ವಪಕ್ಷವೆಂಬುದು ಎಲ್ಲಿಯೂ ಇರಲಿಲ್ಲ. ‘ಕೆಲವು ವಿದ್ವಾಂಸರು ಹೀಗೆ ಅಭಿಪ್ರಾಯಪಡುತ್ತಾರೆ, ಆದರೆ ಇದು ಒಪ್ಪತಕ್ಕದ್ದಲ್ಲ’ ಎಂಬ ಒಂದೂವರೆ ಸಾಲಿನಲ್ಲಿ ಆ ಕೆಲವು ವಿದ್ವಾಂಸರನ್ನು ನಾನು ಮುಗಿಸಿಬಿಟ್ಟಿದ್ದೆ. ನಮ್ಮ ಎಷ್ಟು ಪಿಎಚ್.ಡಿ. ಪ್ರಬಂಧಗಳು ಈ ಒಂದೂವರೆ ಸಾಲಿನ ಮೇಲೆ ನಿಂತಿವೆಯೋ! ಸಹಸಂಶೋಧಕರು ಕೋಪಿಸಿಕೊಳ್ಳಬಾರದು, ಲೆಕ್ಕದಲ್ಲಿ ಮೊದಲು ನನ್ನದೇ ಇದೆ.

ಈ ಕೆಂಪು ಸಂಪುಟದ ತಿರುಳು ಎಂದು ನನಗೆ ತೋರಿದ್ದು 1951ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಅವರು ಹಿಂದೂ ಕೋಡ್ ಬಿಲ್ ಕುರಿತು ನೀಡಿದ ಎರಡು ಉಪನ್ಯಾಸಗಳು. ಆ ವರ್ಷವನ್ನು ನೆನಪಿಡಬೇಕು. ಮಂಗಳೂರಿನ ಬೆನಗಲ್ ನರಸಿಂಗರಾಯರ ಅಧ್ಯಕ್ಷತೆಯ ಸಮಿತಿ ಸ್ವಾತಂತ್ರ್ಯಪೂರ್ವದಲ್ಲೇ ಸಿದ್ಧಪಡಿಸಿದ್ದ ಕರಡನ್ನು ಅಂಬೇಡ್ಕರರು ಕಾನೂನು ಮಂತ್ರಿಗಳಾಗಿ ಮುಂದಕ್ಕೆ ಒಯ್ದಿದ್ದರು. ವಿರೋಧ ತೀವ್ರವಾಗಿತ್ತು. ಮಸೂದೆ ನನೆಗುದಿಗೆ ಬಿದ್ದದ್ದನ್ನೂ ಒಂದು ಕಾರಣವಾಗಿಸಿ ಅದೇ 1951ರ ಸೆಪ್ಟೆಂಬರಿನಲ್ಲಿ ಅವರು ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. ಇಂಥ ಹೊತ್ತಿನಲ್ಲಿ ಹಾಲಿ ನ್ಯಾಯಾಧೀಶರೊಬ್ಬರು ಧರ್ಮಶಾಸ್ತ್ರದ ವಿದ್ವತ್ತನ್ನೇ ಬಳಸಿ ಮಸೂದೆಯ ಪರವಾಗಿ ನಿಂತದ್ದು ಸಣ್ಣ ಸಂಗತಿಯಲ್ಲ. ಅವರ ನಿಲುವಿನ ಸಾರ ಇಷ್ಟು: ಧರ್ಮಶಾಸ್ತ್ರ ಎಂದೂ ನಿಂತ ನೀರಾಗಿರಲಿಲ್ಲ, ಸ್ಮೃತಿಕಾರರು ಒಬ್ಬರನ್ನೊಬ್ಬರು ತಿದ್ದಿದರು, ವ್ಯಾಖ್ಯಾನಕಾರರು ಮೂಲದ ಮಾತನ್ನು ಹಾಗೆಯೇ ಇಟ್ಟು ಅರ್ಥವನ್ನು ಕಾಲಕ್ಕೆ ತಕ್ಕಂತೆ ಹೊರಳಿಸಿದರು, ಬ್ರಿಟಿಷ್ ನ್ಯಾಯಾಲಯಗಳು ಬಂದ ಮೇಲೆ ಈ ಹೊರಳುವಿಕೆ ನಿಂತುಹೋಯಿತು, ನಿಂತದ್ದನ್ನು ಮತ್ತೆ ನಡೆಸಬೇಕಾದದ್ದು ಈಗ ಶಾಸನಸಭೆ.

ಮೂಲವನ್ನು ಉಳಿಸಿಕೊಂಡು ಅರ್ಥವನ್ನು ಹೊರಳಿಸುವ ಈ ಕಲೆ ಕನ್ನಡದ ಕಾವ್ಯಪರಂಪರೆಯನ್ನು ಓದಿದವರಿಗೆ ಹೊಸದಲ್ಲ. ಪಂಪ ಮಾಡಿದ್ದೂ ಅದನ್ನೇ. ಆದರೆ ಇಲ್ಲಿ ನನಗೆ ಹೆಚ್ಚು ಹತ್ತಿರವಾದವನು ವಿಜ್ಞಾನೇಶ್ವರ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದವನು. ಬಂಗಾಳ ಮತ್ತು ಅಸ್ಸಾಮನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಮನೆಗಳಲ್ಲಿ ಅಣ್ಣತಮ್ಮಂದಿರ ಪಾಲನ್ನು ಶತಮಾನಗಳ ಕಾಲ ನಿರ್ಧರಿಸಿದ್ದು ಅವನ ಮಾತು. ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಅವನ ಹೆಸರು ಚಾಲುಕ್ಯರ ವೈಭವವನ್ನು ಹೇಳುವ ಪೀಠಿಕಾ ವಾಕ್ಯವೊಂದರಲ್ಲಿ ಬಂದು ಹೋಗುತ್ತದೆ; ಸಂಸ್ಕೃತದಲ್ಲಿ ಬರೆದನೆಂಬ ಕಾರಣಕ್ಕೆ ನಾವು ಅವನನ್ನು ಓದುವುದಿಲ್ಲ. ಗಂಡುಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಬರುತ್ತದೆಂಬ ಜನ್ಮಸ್ವತ್ವವಾದವನ್ನು ಅವನು ಗಟ್ಟಿಗೊಳಿಸಿದನೆಂದು ಮಾತ್ರ ಕೇಳಿದ್ದ ನನಗೆ, ಅದೇ ವಿಜ್ಞಾನೇಶ್ವರ ಸ್ತ್ರೀಧನವೆಂಬ ಪದಕ್ಕೆ ಎಂಥ ವಿಶಾಲ ಅರ್ಥ ಕೊಟ್ಟಿದ್ದನೆಂಬುದು ತಿಳಿದದ್ದು ಈ ಓದಿನ ದೆಸೆಯಿಂದ. ವಾರಸಿಕೆಯಿಂದ, ಪಾಲಿನಿಂದ, ಖರೀದಿಯಿಂದ, ಹೇಗೇ ಬಂದಿರಲಿ, ಹೆಣ್ಣಿಗೆ ಬಂದದ್ದೆಲ್ಲ ಸ್ತ್ರೀಧನವೇ ಎಂದವನು ಅವನು. ಮದುವೆಯಾಗದ ಮಗಳಿಗೆ ಕಾಲಂಶ ಸಲ್ಲಬೇಕೆಂಬ ಸ್ಮೃತಿವಾಕ್ಯವನ್ನು ಬರೀ ಮದುವೆಯ ಖರ್ಚೆಂದು ಕುಗ್ಗಿಸದೆ ಪಾಲೆಂದೇ ಓದಿದನು. ಸ್ತ್ರೀಧನದ ಈ ವಿಶಾಲ ಅರ್ಥವನ್ನು ಒಪ್ಪದೆ, ವಾರಸಿಕೆಯಿಂದ ಬಂದ ಆಸ್ತಿಯಲ್ಲಿ ವಿಧವೆಗೆ ಜೀವಿತಕಾಲದ ಸೀಮಿತ ಹಕ್ಕಷ್ಟೇ ಎಂದು ಕಟ್ಟಿಹಾಕಿದ್ದು ಲಂಡನ್ನಿನ ಪ್ರಿವಿ ಕೌನ್ಸಿಲ್. ಕಲ್ಯಾಣದಿಂದ ಲಂಡನ್ನಿಗೆ ಹೋಗಿ ಬರುವಷ್ಟರಲ್ಲಿ ನಮ್ಮ ಹೆಣ್ಣುಮಕ್ಕಳ ಪಾಲು ಸವೆದುಹೋಗಿತ್ತು.

ಈ ಉಪನ್ಯಾಸದ ಹಾಳೆಯೊಂದರಲ್ಲಿ, ಮಗಳ ಪಾಲಿನ ಮಾತು ಬರುವಲ್ಲಿ, ಆ ವಕೀಲರು ಪೆನ್ಸಿಲ್ಲಿನಿಂದ ಒಂದೇ ಪದ ಬರೆದಿದ್ದಾರೆ: ‘ನಡೆದೀತೆ?’

ನಾನು ಓದನ್ನು ಅಲ್ಲಿಗೆ ನಿಲ್ಲಿಸಿದೆ. 2007ರ ಒಂದು ದಿನ ನೆನಪಾಯಿತು. ಆಗ ನನಗೆ ಹದಿನಾಲ್ಕು ವರ್ಷ. ಅವ್ವನ ತವರು ಇಂಡಿ ತಾಲೂಕಿನ ಒಂದು ಹಳ್ಳಿ. ಸೋದರಮಾವಂದಿರಿಬ್ಬರು ಜೀಪು ಮಾಡಿಕೊಂಡು ಯಂಕಂಚಿಗೆ ಬಂದರು. ಊಟವಾಯಿತು. ಅವ್ವನನ್ನೂ ಸಂಗಡ ನನ್ನನ್ನೂ ನೋಂದಣಿ ಕಚೇರಿಗೆ ಕರೆದೊಯ್ದರು. ಅಂಗಳದ ಬೇವಿನ ಮರದ ಕೆಳಗೆ ಕುಳಿತ ಬರಹಗಾರರು ಮೊದಲೇ ಟೈಪು ಮಾಡಿಸಿಟ್ಟಿದ್ದ ಕಾಗದವನ್ನು ಗಡಗಡನೆ ಓದಿದರು. ನಮ್ಮ ಕಡೆ ಅದಕ್ಕೆ ಹಕ್ಕು ಬಿಟ್ಟ ಪತ್ರ ಎನ್ನುತ್ತಾರೆ. ಅವ್ವ ನಾಲ್ಕನೆಯ ಇಯತ್ತೆ ಕಲಿತವಳು, ಸಹಿ ಬರುತ್ತಿತ್ತು. ಹೆಬ್ಬೆಟ್ಟು ಸಾಕೆಂದರೂ ಕೇಳದೆ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು. ಹೆಸರು ಬರೆಯುವ ಸಂದರ್ಭ ಅವಳಿಗೆ ಹೆಚ್ಚು ಬರುತ್ತಿರಲಿಲ್ಲ, ಬಂದದ್ದನ್ನು ಬಿಡಬಾರದೆಂಬಂತಿತ್ತು ಅವಳ ಮುಖ. ಅಲ್ಲಿಂದ ತವರಿಗೆ ಹೋದೆವು. ಅತ್ತೆಯರು ಅವ್ವನನ್ನು ಮಣೆಯ ಮೇಲೆ ಕೂರಿಸಿ ಇಳಕಲ್ಲ ಸೀರೆ, ಕುಬಸದ ಖಣ, ಕೊಬ್ಬರಿ, ಅಕ್ಕಿ ಇಟ್ಟು ಉಡಿ ತುಂಬಿದರು. ರಾತ್ರಿ ಹಿಂದಿರುಗುವಾಗ ನಾನು ಕೇಳಿದೆ, ಯಾಕೆ ಸಹಿ ಮಾಡಿದಿ ಎಂದು. ಅವ್ವ ಹೇಳಿದ್ದು ಇಷ್ಟೇ: ‘ಸಹಿ ಮಾಡಿದ್ರ ತವರ ಉಳೀತದ, ಮಾಡದಿದ್ರ ಹೊಲ ಉಳೀತದ. ಹೊಲ ತಗೊಂಡು ಉಡಿ ತುಂಬಿಸ್ಕೊಳ್ಳಾಕ ಎಲ್ಲಿ ಹೋಗ್ಲಿ?’

ಆಗ ತಿಳಿಯದ ಒಂದು ಸಂಗತಿ ಈಗ ತಿಳಿದಿದೆ. 1956ರ ಹಿಂದೂ ವಾರಸಾ ಕಾಯ್ದೆ ಮಸೂದೆಯ ಆಶಯವನ್ನು ಪೂರ್ತಿ ಒಪ್ಪಲಿಲ್ಲ. ಮೂಲ ಮಸೂದೆ ಜನ್ಮಸ್ವತ್ವವನ್ನೇ ತೆಗೆದುಹಾಕಲು ಹೊರಟಿತ್ತು. 1956ರ ಕಾಯ್ದೆ ಅದನ್ನು ಗಂಡುಮಕ್ಕಳಿಗೆ ಉಳಿಸಿ, ತಂದೆಯ ಪಾಲಿನೊಳಗಿನ ಪಾಲನ್ನು ಮಾತ್ರ ಮಗಳಿಗೆ ಕೊಟ್ಟಿತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಮಗಳನ್ನೂ ಹುಟ್ಟಿನಿಂದ ಸಮಾನ ಹಕ್ಕುದಾರಳೆಂದಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ಅವ್ವನ ಮದುವೆಯಾದದ್ದು 1989ರಲ್ಲಿ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಈ ಭೇದವನ್ನು ಅಳಿಸಿತು. ಅಂದರೆ ನಲವತ್ತರ ಹತ್ತಿರ ಬಂದಿದ್ದ ಅವ್ವನಿಗೆ ಅವಳಿಗೇ ಗೊತ್ತಿಲ್ಲದಂತೆ ಹಕ್ಕೊಂದು ಹುಟ್ಟಿತು. ಅವಳಿಗಿಂತ ಮೊದಲು ಅದು ಗೊತ್ತಾದದ್ದು ಮಾವಂದಿರಿಗೆ. ಎರಡು ವರ್ಷದೊಳಗೆ ಜೀಪು ಬಂದಿತು. ಕಾಯ್ದೆಯ ಪ್ರಸಾರವಾಗುವುದು ಅದರಿಂದ ಕಳೆದುಕೊಳ್ಳುವವರ ಕಡೆಯಿಂದಲೇ ಎಂದು ನನಗನ್ನಿಸಿದ್ದುಂಟು. ಇನ್ನೊಂದು ಕಡೆಯಿಂದ ನೋಡಿದರೆ ಇದರಲ್ಲಿ ವಿನೋದವೂ ಇದೆ. ಸುಧಾರಕರು ವಿಜ್ಞಾನೇಶ್ವರನ ಜನ್ಮಸ್ವತ್ವವನ್ನು ಕಿತ್ತುಹಾಕಬೇಕೆಂದಿದ್ದರು. ಅರ್ಧ ಶತಮಾನದ ನಂತರ ಸಂಸತ್ತು ಅದನ್ನು ಕೀಳದೆ, ಹೆಣ್ಣುಮಕ್ಕಳನ್ನೂ ಅದರೊಳಗೆ ಸೇರಿಸಿತು.

ನನ್ನ ಪ್ರಬಂಧದ ದುರ್ಗಸಿಂಹ ಇಲ್ಲಿ ಮತ್ತೆ ಎದುರಾಗುತ್ತಾನೆ. ಧರ್ಮಬುದ್ಧಿ ದುಷ್ಟಬುದ್ಧಿಯರ ಕಥೆಯನ್ನು ನಾವೆಲ್ಲರೂ ಪಾಠ ಕೇಳಿದವರು, ನಿಮ್ಮಲ್ಲಿ ಅನೇಕರು ಪಾಠ ಹೇಳಿದವರು. ಆಲದ ಮರದ ಕೆಳಗೆ ಹೂತ ಹಣವನ್ನು ತಾನೇ ಕದ್ದು ದುಷ್ಟಬುದ್ಧಿ ದೂರು ಕೊಡುತ್ತಾನೆ. ಮರವೇ ಸಾಕ್ಷಿ ಎನ್ನುತ್ತಾನೆ. ಪೊಟರೆಯಲ್ಲಿ ತಂದೆಯನ್ನು ಅಡಗಿಸಿ ಮರದ ಬಾಯಲ್ಲಿ ಸುಳ್ಳು ನುಡಿಸುತ್ತಾನೆ. ಈ ಸನ್ನಿವೇಶವನ್ನು ನಾನು ಮಿತಾಕ್ಷರದ ವ್ಯವಹಾರಾಧ್ಯಾಯದ ಜೊತೆಗಿಟ್ಟು, ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳ ದೃಷ್ಟಿಯಿಂದ ವಿಶ್ಲೇಷಿಸಿದ್ದೆ. ಲಿಖಿತವಿಲ್ಲದ ವ್ಯವಹಾರದಲ್ಲಿ ಸಾಕ್ಷಿಯ ಮೇಲೆ ಭಾರ ಬೀಳುತ್ತದೆ ಎಂಬುದು ನನ್ನ ವಾದ. ಪತ್ರವಿದ್ದಿದ್ದರೆ ಮರ ಮಾತನಾಡಬೇಕಿರಲಿಲ್ಲ ಎಂಬ ಧಾಟಿ. ಅವ್ವನ ಪತ್ರದ ಪ್ರತಿಯನ್ನು ಮಾವನಿಂದ ಈಚೆಗೆ ಕೇಳಿ ಪಡೆದು ಓದಿದ ಮೇಲೆ ಆ ವಾದ ನಿಲ್ಲಲಿಲ್ಲ. ಪತ್ರದಲ್ಲಿ ಅವ್ವನಿಗೆ ಒಂದು ಹೆಸರಿದೆ: ‘ಬರೆದುಕೊಟ್ಟವಳು’. ಅವಳು ಬರೆದದ್ದು ಸಹಿಯನ್ನು ಮಾತ್ರ. ‘ಯಾರ ಒತ್ತಾಯವೂ ಇಲ್ಲದೆ, ನನ್ನ ರಾಜಿಖುಷಿಯಿಂದ’ ಎಂದು ಪತ್ರ ಅವಳ ಬಾಯಿಂದ ನುಡಿಯುತ್ತದೆ. ಆ ‘ನನ್ನ’ ಎಂಬುದರ ಪೊಟರೆಯಲ್ಲಿ ಕುಳಿತಿದ್ದವರು ಬೇರೆ. ಲಿಖಿತವೇ ಆಲದ ಮರವಾಗಬಲ್ಲುದು. ಆ ಅಧ್ಯಾಯವನ್ನು ಮತ್ತೆ ಬರೆಯಬೇಕಾಗಿ ಬಂತು, ಮಾರ್ಗದರ್ಶಕರಿಗೆ ಕಾರಣವನ್ನು ಪೂರ್ತಿ ಹೇಳಲಿಲ್ಲ. ಇನ್ನೂ ಒಂದು ಮಾತು: ಪೊಟರೆಯೊಳಗೆ ಕುಳಿತ ತಂದೆಯನ್ನು ನಾವು ದುಷ್ಟನೆಂದು ಪಾಠ ಮಾಡುವುದಿಲ್ಲ. ಅವನು ಮಗನ ಮೇಲಿನ ಪ್ರೀತಿಗೆ ಕಟ್ಟುಬಿದ್ದವನು. ನಮ್ಮ ಮಾವಂದಿರೂ ದುಷ್ಟರಲ್ಲ. ಅವ್ವ ಜಡ್ಡಾಗಿ ಆಸ್ಪತ್ರೆ ಸೇರಿದಾಗ ಎತ್ತು ಮಾರಿ ದುಡ್ಡು ತಂದವರು ಅವರೇ.

ಇಷ್ಟು ಹೇಳಿದ ಮೇಲೆ ಗಜೇಂದ್ರಗಡಕರರ ಬಗ್ಗೆ ನನ್ನ ತಕರಾರನ್ನೂ ಹೇಳಬೇಕು. ಧಾರವಾಡದ ಉಪನ್ಯಾಸಗಳ ವರ್ಷವೇ, ಮುಖ್ಯ ನ್ಯಾಯಾಧೀಶ ಛಾಗ್ಲಾ ಅವರ ಜೊತೆ ಕುಳಿತು ನರಸು ಅಪ್ಪಾ ಮಾಳಿ ಪ್ರಕರಣದಲ್ಲಿ ಅವರು ತೀರ್ಪು ಕೊಟ್ಟರು. ಮುಂಬಯಿ ಪ್ರಾಂತದಲ್ಲಿ, ಅಂದರೆ ನಮ್ಮ ಬಿಜಾಪುರದಲ್ಲಿಯೂ, ಹಿಂದೂ ಗಂಡಸರ ಬಹುಪತ್ನಿತ್ವವನ್ನು ನಿಷೇಧಿಸಿದ್ದ 1946ರ ಕಾಯ್ದೆಯನ್ನು ಆ ತೀರ್ಪು ಎತ್ತಿಹಿಡಿಯಿತು. ಫಲ ಒಳ್ಳೆಯದು. ಆದರೆ ತೀರ್ಪಿನ ದಾರಿಯಲ್ಲಿ ಇಬ್ಬರೂ ಇನ್ನೊಂದು ಮಾತು ಹೇಳಿದರು: ವೈಯಕ್ತಿಕ ಕಾನೂನುಗಳು ಸಂವಿಧಾನದ 13ನೆಯ ಅನುಚ್ಛೇದದ ಅರ್ಥದಲ್ಲಿ ‘ಕಾನೂನು’ ಅಲ್ಲ, ಆದ್ದರಿಂದ ಮೂಲಭೂತ ಹಕ್ಕುಗಳ ಒರೆಗಲ್ಲಿಗೆ ಅವು ಬರುವುದಿಲ್ಲ. ವೇದಿಕೆಯ ಮೇಲೆ ಶಾಸ್ತ್ರವನ್ನು ಹೊರಳಿಸಬೇಕೆಂದು ವಾದಿಸಿದವರು ಪೀಠದ ಮೇಲೆ ಆ ಕೆಲಸವನ್ನು ಶಾಸನಸಭೆಗೇ ಬಿಟ್ಟರು. ಶಾಸನಸಭೆ ಮಗಳನ್ನು ಸಮಾನಳೆನ್ನಲು 2005ರವರೆಗೆ ಸಮಯ ತೆಗೆದುಕೊಂಡಿತು. ಆ ತರ್ಕ ನಿಲ್ಲುವಂಥದ್ದಲ್ಲವೆಂದು 2018ರ ಶಬರಿಮಲೆ ತೀರ್ಪಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡರು ಬರೆದರು; ಆದರೆ ಅದು ಒಬ್ಬ ನ್ಯಾಯಮೂರ್ತಿಗಳ ಪ್ರತ್ಯೇಕ ಬರಹ. ಸುಧಾರಕ ಮತ್ತು ನ್ಯಾಯಾಧೀಶ ಎಂಬ ಎರಡು ಪಾತ್ರಗಳ ನಡುವೆ ಅವರು ಎಳೆದುಕೊಂಡ ಗೆರೆ ಪ್ರಾಮಾಣಿಕವಾದದ್ದೆಂದು ನಾನು ನಂಬುತ್ತೇನೆ. ಆ ಗೆರೆಗೆ ಬೆಲೆ ತೆತ್ತವರು ಮಾತ್ರ ಬೇರೆ. 1962ರ ಬಾಲಾಜಿ ಪ್ರಕರಣದಲ್ಲಿ ಮೈಸೂರು ಸರ್ಕಾರದ ಶೇಕಡಾ 68ರ ಮೀಸಲಾತಿಯನ್ನು ರದ್ದುಗೊಳಿಸಿ, ಸ್ಥೂಲವಾಗಿ ಅರ್ಧವನ್ನು ಮೀರಬಾರದೆಂದವರೂ ಅವರೇ. ಅದರ ಚರ್ಚೆ ಇಂದಿಗೂ ಮುಗಿದಿಲ್ಲವಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ. ‘ಸ್ಥೂಲವಾಗಿ’ ಎಂದು ಅಳೆದು ಆಡಿದ ಮಾತು ಮುಂದೆ ಕಲ್ಲಿನ ಬರಹದಂತೆ ಗಟ್ಟಿಯಾದದ್ದನ್ನು ಪಠ್ಯದ ವಿದ್ಯಾರ್ಥಿಯಾಗಿ ಗಮನಿಸಿದ್ದೇನೆ, ಅಷ್ಟೆ.

ಹೀಗೆ ಗಟ್ಟಿಯಾದ ಇನ್ನೊಂದು ವಾಕ್ಯ ನಮ್ಮೆಲ್ಲರಿಗೂ ಗೊತ್ತಿರುವಂಥದ್ದು. 1966ರ ಜನವರಿ 14ರಂದು ಕೊಟ್ಟ ಶಾಸ್ತ್ರಿ ಯಜ್ಞಪುರುಷದಾಸಜಿ ತೀರ್ಪಿನಲ್ಲಿ, ಹಿಂದೂ ಎಂದರೆ ಯಾರು ಎಂಬ ಪ್ರಶ್ನೆಯನ್ನು ಚರ್ಚಿಸುತ್ತ, ಬುದ್ಧ, ಮಹಾವೀರ, ನಾನಕರ ಸಾಲಿನಲ್ಲಿ ಬಸವಣ್ಣನವರನ್ನು ಲಿಂಗಾಯತ ಧರ್ಮದ ಸ್ಥಾಪಕರೆಂದು ಅವರು ಹೆಸರಿಸುತ್ತಾರೆ. 2017–18ರ ಪ್ರತ್ಯೇಕ ಧರ್ಮದ ಚಳವಳಿಯಲ್ಲಿ ಈ ವಾಕ್ಯ ಸಭೆಯಿಂದ ಸಭೆಗೆ ಹರಿದಾಡಿತು. ನಾನೂ ಅದನ್ನು ಮೊದಲು ಕೇಳಿದ್ದು ಭಾಷಣವೊಂದರಲ್ಲೇ. ಕೆಂಪು ಸಂಪುಟದಲ್ಲಿ ಇಡೀ ತೀರ್ಪನ್ನು ಓದಿದಾಗ ಪೇಚಿಗೆ ಬಿದ್ದೆ. ಆ ಪಟ್ಟಿ ಬರುವುದು ಹಿಂದೂ ಚಿಂತನೆಯೊಳಗಿನ ಸುಧಾರಕರ ಪಟ್ಟಿಯಾಗಿ. ಒಂದೇ ವಾಕ್ಯ ಎರಡೂ ಪಕ್ಷಕ್ಕೆ ಸಾಕ್ಷಿ ನುಡಿಯುತ್ತದೆ. ಪ್ರಕರಣದ ಹಿನ್ನೆಲೆ ಇನ್ನೂ ತೊಡಕಿನದು. ಅಹಮದಾಬಾದಿನ ಸ್ವಾಮಿನಾರಾಯಣ ಮಂದಿರಕ್ಕೆ ದಲಿತರು ಪ್ರವೇಶಿಸಬಾರದೆಂಬ ಉದ್ದೇಶದಿಂದ ಸತ್ಸಂಗಿಗಳು ತಾವು ಹಿಂದೂಗಳಲ್ಲ, ಮಂದಿರ ಪ್ರವೇಶದ ಕಾಯ್ದೆ ತಮಗೆ ಅನ್ವಯಿಸದು ಎಂದು ವಾದಿಸಿದ್ದರು. ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿ ಬಾಗಿಲು ತೆರೆಸಿತು. ಬಾಗಿಲು ಮುಚ್ಚಲು ಹೂಡಿದ ‘ನಾವು ಬೇರೆ’ ಎಂಬ ವಾದಕ್ಕೂ, ಕಲ್ಯಾಣದಲ್ಲಿ ಎಲ್ಲರನ್ನೂ ಒಳಗೊಂಡ ‘ಬೇರೆ’ತನಕ್ಕೂ ಅಜಗಜಾಂತರವಿದೆ. ತೀರ್ಪನ್ನು ಉಲ್ಲೇಖಿಸುವ ನಮ್ಮ ಲೇಖನಗಳಲ್ಲಿ ಈ ಸಂದರ್ಭದ ಮಾತು ನನಗೆ ಸಿಕ್ಕಿದ್ದು ಅಪರೂಪ. ನಮ್ಮ ಸಿಂದಗಿ ತಾಲೂಕಿನವರೇ ಆದ ಎಂ. ಎಂ. ಕಲಬುರ್ಗಿಯವರು ಶಾಸನದ ಒಂದು ಸಾಲನ್ನು ಬಳಸುವ ಮುನ್ನ ಇಡೀ ಶಾಸನವನ್ನು ಓದಿದವರು. ಆ ಶಿಸ್ತನ್ನು ನಾವು ತೀರ್ಪುಗಳ ವಿಷಯದಲ್ಲಿ ಏಕೆ ಪಾಲಿಸುವುದಿಲ್ಲ? ಲಿಂಗಾಯತ ಮನೆಯಲ್ಲಿ ಹುಟ್ಟಿದ ನನಗೆ ಇಲ್ಲೊಂದು ಸ್ವಂತದ ಲೆಕ್ಕವೂ ಇತ್ತು. ನನಗೆ ಪಾಲು ಕೊಡುವ ಕಾಯ್ದೆಯ ಎರಡನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳಿವೆ. ಅದೇ ಕಲಮಿನ ಪ್ರಕಾರ ಬೌದ್ಧ, ಜೈನ, ಸಿಖ್ಖರಿಗೂ ಆ ಕಾಯ್ದೆಯೇ ಅನ್ವಯ. ಧರ್ಮದ ಹೆಸರು ಏನಾದರೂ ಮಗಳ ಪಾಲು ಅಳಿಯಬೇಕಿಲ್ಲವೆಂದು ತಿಳಿದು ಸಮಾಧಾನಪಟ್ಟೆ.

ನನ್ನ ಸಮಾಧಾನಕ್ಕೆ ಕಾರಣವಿದೆ. ಅಪ್ಪ ತೀರಿಕೊಂಡದ್ದು 2022ರಲ್ಲಿ. ಯಂಕಂಚಿಯಲ್ಲಿ ನಮಗೆ ಆರು ಎಕರೆ ಎರೆ ಹೊಲವಿದೆ. ಅಣ್ಣ ಜೋಳ, ತೊಗರಿ ಬೆಳೆಯುತ್ತಾನೆ. ಉತಾರದಲ್ಲಿ ಅಪ್ಪನ ಹೆಸರೇ ಇರುವುದರಿಂದ ಸಾಲಕ್ಕೆ ತೊಂದರೆಯಾಗಿದೆ. ಕಳೆದ ದೀಪಾವಳಿಗೆ ಹೋದಾಗ ಅಣ್ಣ ಒಂದು ಟೈಪು ಮಾಡಿದ ಕಾಗದವನ್ನು ಊಟದ ನಂತರ ನನ್ನ ಮುಂದಿಟ್ಟ. ಮುಖ ನೋಡಲಿಲ್ಲ. ನನ್ನ ಎಂ.ಎ. ಶುಲ್ಕ ಕಟ್ಟಿದವನು ಅವನು. ತೊಗರಿಗೆ ರೇಟು ಬಿದ್ದ ವರ್ಷವೂ ಕಟ್ಟಿದವನು. ಕಾಗದದಲ್ಲಿ ಅದೇ ‘ರಾಜಿಖುಷಿ’, ಅದೇ ‘ಬರೆದುಕೊಟ್ಟವಳು’. ಹದಿನೇಳು ವರ್ಷಗಳಲ್ಲಿ ಒಂದಕ್ಷರವೂ ಬದಲಾಗಿಲ್ಲ. ಓದಿ ಹೇಳುವೆನೆಂದು ತಂದೆ. ಕೆಂಪು ಸಂಪುಟದಲ್ಲಿ, ‘ನಡೆದೀತೆ?’ ಎಂಬ ಹಾಳೆಯಲ್ಲಿ, ಅದನ್ನು ಗುರುತಿಗೆಂದು ಇಟ್ಟಿದ್ದೆ.

ಸಂಕ್ರಾಂತಿಗೆ ಹೋದಾಗ ಸಂಪುಟವನ್ನೇ ಒಯ್ದೆ. ಅವ್ವನಿಗೆ ಧಾರವಾಡದ ಉಪನ್ಯಾಸವನ್ನು ನಮ್ಮ ಮಾತಿನಲ್ಲಿ ಹೇಳಲು ಕುಳಿತೆ. ಭಾಷೆಯ ತೊಡಕು ಮೊದಲ ವಾಕ್ಯದಲ್ಲೇ ಎದುರಾಯಿತು. ನಮ್ಮೂರಲ್ಲಿ ನ್ಯಾಯವೆಂದರೆ ಜಗಳ. ‘ಅವರ ಮನ್ಯಾಗ ನ್ಯಾಯ ಹತ್ತ್ಯದ’ ಎಂದರೆ ಆ ಮನೆಯಲ್ಲಿ ಕಲಹವೆದ್ದಿದೆ ಎಂದರ್ಥ. ನಾವು ತರಗತಿಗಳಲ್ಲಿ ಗಂಭೀರವಾಗಿ ಹೇಳುವ ‘ಸಾಮಾಜಿಕ ನ್ಯಾಯ’ ಯಂಕಂಚಿಯ ಕಟ್ಟೆಯ ಮೇಲೆ ಊರಿಗೆ ಊರೇ ಬಡಿದಾಡಿದಂತೆ ಕೇಳಿಸುತ್ತದೆ. ಕಾನೂನಿಗೆ ಕಾಯ್ದೆ ಎನ್ನುತ್ತೇವೆ, ಪಾಲಿಗೆ ವಾಟಣಿ, ವಶಕ್ಕೆ ಕಬ್ಜಾ. ಎಲ್ಲ ಫಾರಸಿ, ಮರಾಠಿಯ ದಾರಿಯಿಂದ ಬಂದವು. ಶಾಸ್ತ್ರದ ಮಾತು ಸಂಸ್ಕೃತ, ತೀರ್ಪಿನ ಮಾತು ಇಂಗ್ಲಿಷ್. ಹಳಗನ್ನಡದಲ್ಲಿ ಪಾಲಿಗೆ ‘ಪಸುಗೆ’ ಎಂಬ ಪದವಿತ್ತೆಂದು ಅವ್ವನಿಗೆ ಹೇಳಿದರೆ ಅವಳಿಗೆ ಆಗುವುದೇನು? ಕೊನೆಗೆ ಕಥೆಯಂತೆ ಹೇಳಿದೆ: ಎಪ್ಪತ್ತು ವರ್ಷದ ಹಿಂದೆ ಒಬ್ಬ ಜಡ್ಜ ಸಾಹೇಬರು ಧಾರವಾಡಕ್ಕೆ ಬಂದು, ಹೆಣ್ಣುಮಕ್ಕಳಿಗೂ ಹೊಲದಾಗ ಪಾಲು ಕೊಡ್ರಿ, ಶಾಸ್ತ್ರ ಅಡ್ಡ ಬರೂದಿಲ್ಲ ಅಂತ ಹೇಳಿ ಹೋಗ್ಯಾರ. ಅವ್ವ ಜೋಳ ಹಸನು ಮಾಡುತ್ತಿದ್ದವಳು ಮೊರವನ್ನು ಕೆಳಗಿಟ್ಟಳು.

‘ಮತ್ತ ಉಡಿ ಯಾರು ತುಂಬಬೇಕಂತ? ಅದನ್ನೇನರ ಹೇಳ್ಯಾರೇನು?’

ಬಾಗಿಲಲ್ಲಿ ನಿಂತಿದ್ದ ಅಣ್ಣ ನಕ್ಕ. ನನಗೆ ನಗು ಬರಲಿಲ್ಲ. ಪೂರ್ವಪಕ್ಷವನ್ನು ಎದುರಾಳಿಗಿಂತ ಚೆನ್ನಾಗಿ ಹೇಳುವವರ ಗದ್ಯದಲ್ಲೂ ಈ ಪೂರ್ವಪಕ್ಷ ನನಗೆ ಕಂಡಿರಲಿಲ್ಲ. ಅಣ್ಣನಿಗೆ ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. ಹಕ್ಕು ಬಿಟ್ಟ ಪತ್ರಕ್ಕೆ ನಾನು ಸಹಿ ಮಾಡುವುದಿಲ್ಲ. ವಾಟಣಿ ಪತ್ರವಾಗಲಿ. ಒಂದೆಕರೆ ನನ್ನ ಹೆಸರಿಗಿರಲಿ, ಉಳಿದದ್ದು ಅವನಿಗೂ ಅವ್ವನಿಗೂ. ನನ್ನ ಎಕರೆಯನ್ನೂ ಅವನೇ ಉಳಲಿ, ವರ್ಷಕ್ಕೆ ಒಂದು ಚೀಲ ಜೋಳ ಕೊಡಲಿ. ಆದರೆ ಪತ್ರವನ್ನು ಬರೆಯುವವಳು ನಾನು. ಅಣ್ಣ ಬಹಳ ಹೊತ್ತು ಮಾತನಾಡಲಿಲ್ಲ. ಹೊರಗೆ ಹೋಗಿ ಎತ್ತಿಗೆ ಕಣಕಿ ಹಾಕಿ ಬಂದ. ‘ಆತು, ಬರಿ. ಓದಿ ನೋಡ್ತೀನಿ. ರಾಶಿ ಮುಗೀಲಿ’ ಎಂದ.

ಪ್ರಬಂಧದ ಕೊನೆಯ ಅಧ್ಯಾಯವನ್ನು ಪಕ್ಕಕ್ಕಿಟ್ಟು ಪತ್ರವನ್ನು ಬರೆಯುತ್ತಿದ್ದೇನೆ. ಇಡೀ ಪತ್ರ ಅವ್ವನಿಗೂ ಅಣ್ಣನಿಗೂ ಓದಿದೊಡನೆ ತಿಳಿಯಬೇಕು, ವಕೀಲರೂ ಒಪ್ಪಬೇಕು. ‘ರಾಜಿಖುಷಿಯಿಂದ’ ಎಂಬ ಪದವನ್ನು ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ್ದೇನೆ. ಗ್ರಂಥಾಲಯದವರು ಸಂಪುಟವನ್ನು ಹಿಂದಿರುಗಿಸಲು ಎರಡನೆಯ ಚೀಟಿ ಕಳಿಸಿದ್ದಾರೆ. ಇಲ್ಲಿಯವರೆಗೆ ಎರಡು ವಾಕ್ಯಗಳಾಗಿವೆ.